ಲೆಕ್ಕಶೀರ್ಷಿಕೆ ಬದಲಿಸುವಂತಿಲ್ಲ

ಹಣ ಬಂದದ್ದು ಮಾರ್ಚ್ ಇಪ್ಪತ್ತಾರಕ್ಕೆ.
ಮೂವತ್ತೊಂದರ ಸಂಜೆಯೊಳಗೆ ಖರ್ಚಾಗಬೇಕು,
ಇಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸ್ಸು,
ಕಾಫಿಗೆ ನೀರಿಡುವಷ್ಟರಲ್ಲಿ ಎದ್ದು ಹೊರಡುವ ನೆಂಟರ ಹಾಗೆ.

ಆಟದ ಸಾಮಗ್ರಿಗೆ ಐದು ಸಾವಿರ.
ಗ್ರಂಥಾಲಯಕ್ಕೆ ಮೂರು.
ಬಣ್ಣ ಹೊಡೆಸಲು ಎರಡೂವರೆ;
ಗೋಡೆ ಎಷ್ಟುದ್ದ ಅಂತ ಯಾರೂ ಕೇಳಿರಲಿಲ್ಲ.

ಸುತ್ತೋಲೆಯ ಮೂರನೇ ಪುಟದಲ್ಲಿ
‘ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಬಳಸಿಕೊಳ್ಳುವುದು.’
ಎರಡು ಸಲ ಓದಿಕೊಂಡೆ, ಚೌಡಮ್ಮನಿಗೂ ಓದಿ ಹೇಳಿದೆ.
ನಾಲ್ಕನೇ ಪುಟದಲ್ಲಿ
‘ಲೆಕ್ಕಶೀರ್ಷಿಕೆ ಬದಲಿಸುವಂತಿಲ್ಲ.’
ಎರಡು ಪುಟಕ್ಕೂ ಸೇರಿ ಒಂದೇ ಪಿನ್ನು,
ತುಕ್ಕು ಹಿಡಿದದ್ದು.

ಮುತ್ತಲಬೈಲು ಕಿರಿಯ ಪ್ರಾಥಮಿಕ ಶಾಲೆ.
ಮಕ್ಕಳು ಹನ್ನೊಂದು, ಟೀಚರು ನಾನೊಬ್ಬಳು,
ಬಿಸಿಯೂಟಕ್ಕೆ ಚೌಡಮ್ಮ.
ಹಳ್ಳದಾಚೆಯಿಂದ ಬರುವವರು ನಾಲ್ವರು,
ಎರಡು ಬಗಿನೆ ಮರ ಅಡ್ಡ ಹಾಕಿದ ಕಾಲುಸಂಕದ ಮೇಲೆ.
ಹಿಡಿದುಕೊಳ್ಳಲು ಗಾಳಿ.

ಇಲ್ಲಿ ಒಂದು ಮಗುವಿಗೆ ಜ್ವರ ಬಂದರೆ
ಇಡೀ ಶಾಲೆಗೆ ಒಂಬತ್ತು ಪರ್ಸೆಂಟ್ ಜ್ವರ.
ಹೋದ ವರ್ಷ ಸಮೀಕ್ಷೆಯ ದಿನವೇ
ತನುಷನಿಗೆ ಗದ್ದಬಾವು.
‘ಸಾಧನೆ ಕುಸಿದ ಶಾಲೆಗಳು’ ಅಂತ
ಹೊಸನಗರದ ಆಫೀಸಿನಲ್ಲಿ ಪಟ್ಟಿ ಅಂಟಿಸಿದರು, ನಮ್ಮದು ಎರಡನೆಯದು.
ಮೊದಲನೆಯದರಲ್ಲಿ ಮಕ್ಕಳೇ ಏಳು,
ಅಲ್ಲಿ ಏನಾಗಿತ್ತೋ, ಶೀತವೋ, ಚಿಕ್ಕಮ್ಮನ ಮದುವೆಯೋ.

ದಿಲ್ಲಿಯಲ್ಲಿ ಕಾಯ್ದೆ ಬರೆದವರ ಮೇಲೆ ನನಗೆ ಸಿಟ್ಟಿಲ್ಲ.
ಲೆಕ್ಕ ಕೇಳುತ್ತಾರೆ, ಕೇಳಲೇಬೇಕು.
ಯಾರೂ ಕೇಳದಿದ್ದ ವರ್ಷಗಳ ಬೆಂಚುಗಳು
ಯಾರ ಯಾರ ಜಗಲಿಯಲ್ಲಿವೆ ಅಂತ
ಊರಿಗೇ ಗೊತ್ತು.
ಸಂಕಕ್ಕೆ ಒಂದು ಶೀರ್ಷಿಕೆ ಇರಲಿಲ್ಲ,
ಅಷ್ಟೇ ನನ್ನ ತಕರಾರು.

ಇಪ್ಪತ್ತೊಂಬತ್ತಕ್ಕೆ ಪೇಟೆಗೆ ಹೋಗಿ
ಬಿಲ್ಲು ಬರೆಸಿದೆ:
ಹಗ್ಗ ಜಗ್ಗಾಟದ ಹಗ್ಗ, ಒಂದು, ಮೂವತ್ತು ಮೀಟರ್.
‘ದಪ್ಪ ಎಷ್ಟಿರಲಿ ಟೀಚರೇ?’
‘ಮೂರನೇ ಕ್ಲಾಸಿನ ಮುಷ್ಟಿಗೆ ಸಿಗುವಷ್ಟು.’

ಜೂನ್ ಹುಟ್ಟಿದ ಮೇಲೆ ಎಸ್‌ಡಿಎಂಸಿ ಅಧ್ಯಕ್ಷ ಗಾಮಪ್ಪ
ಈ ದಡದ ಮತ್ತಿಮರದಿಂದ ಆ ದಡದ ಮತ್ತಿಮರಕ್ಕೆ
ಸೊಂಟದೆತ್ತರದಲ್ಲಿ ಬಿಗಿದ.
ಯಾರ ಸೊಂಟ ಅಂತ ಮೊದಲು ಕೇಳಿಕೊಂಡ.
ಕೋಣಕ್ಕೆ ಹಾಕುವ ಗಂಟು;
ಎಳೆದಷ್ಟೂ ಕಚ್ಚುತ್ತದೆ, ಬಿಚ್ಚುವವನಿಗೆ ಮಾತ್ರ ಬಿಚ್ಚುತ್ತದೆ.

ಆಗಸ್ಟಿನಲ್ಲಿ ಫೆಲಿಕ್ಸ್ ಸರ್ ಪರಿಶೀಲನೆಗೆ ಬಂದರು,
ಬೈಕು ಆಚೆ ನಿಲ್ಲಿಸಿ, ಹೆಲ್ಮೆಟ್ಟು ಹಾಕಿಕೊಂಡೇ.
ಚೆಂಡು ಎರಡು, ಸರಿ. ಸ್ಕಿಪ್ಪಿಂಗು ನಾಲ್ಕು, ಸರಿ.
‘ಮೂವತ್ತು ಮೀಟರ್ ಹಗ್ಗ?’
‘ಈಗ ಹಿಡಿದುಕೊಂಡು ಬಂದಿರಲ್ಲ ಸರ್.’
ಅಂಗೈ ನೋಡಿಕೊಂಡರು, ಇನ್ನೂ ಒದ್ದೆ.
ವಹಿಯಲ್ಲಿ ಬರೆದರು: ಬಳಕೆಯಲ್ಲಿದೆ.
ಸಣ್ಣ ಅಕ್ಷರದಲ್ಲಿ ಬರೆದರು.

ಅಕ್ಟೋಬರಿನಲ್ಲಿ ಪತ್ರ.
ಸದರಿ ಸಾಮಗ್ರಿ ಬಳಸಿ ಮಕ್ಕಳು ಆಡುತ್ತಿರುವ
ಜಿಪಿಎಸ್ ಸಹಿತ ಫೋಟೋ, ಮೂರು ದಿನದೊಳಗೆ.
ತಪ್ಪಿದಲ್ಲಿ ಮುಂದಿನ ಸಾಲಿನ ಅನುದಾನಕ್ಕೆ ತಾವೇ ಹೊಣೆ.

ಗಾಮಪ್ಪ ಬಂದು ಬಿಚ್ಚಿದ, ಏನೂ ಮಾತಾಡಲಿಲ್ಲ.
ಐವರು ಈ ಕಡೆ, ಐವರು ಆ ಕಡೆ,
ಉಳಿದ ತನುಷ ಅಳುವ ಮುಖ ಮಾಡಿದ.
ಚೌಡಮ್ಮ ಸೌಟು ಕೆಳಗಿಟ್ಟು
ಸೆರಗು ಸಿಕ್ಕಿಸಿಕೊಂಡು ಅವನ ಎದುರು ಕಡೆ ನಿಂತಳು.
ಮೂರು ತಿಂಗಳು ಹಳ್ಳದ ಮೇಲೆ ನೆನೆದ ಹಗ್ಗ,
ನೆಲಕ್ಕಿಟ್ಟರೆ ಪಾಚಿ ಬಿಡುತ್ತಿತ್ತು.
ನಾನು ಒಂದು, ಎರಡು, ಮೂರು ಎಂದು
ಫೋಟೋ ಹೊಡೆದೆ.
ಅಕ್ಷಾಂಶ ಬಂತು, ರೇಖಾಂಶ ಬಂತು,
ಚೌಡಮ್ಮನ ತಲೆ ಬರಲಿಲ್ಲ.

ಮತ್ತೆ ಕಟ್ಟುವಷ್ಟರಲ್ಲಿ ಕತ್ತಲಾಗುತ್ತದೆ ಅಂತ
ಆ ಸಂಜೆ ನಾಲ್ವರನ್ನೂ ಎತ್ತಿಕೊಂಡೇ ದಾಟಿಸಿದೆವು,
ಸಂಕ ಬಿಟ್ಟು, ಮೊಣಕಾಲು ನೀರಿಗಿಳಿದು,
ಗಾಮಪ್ಪ ಇಬ್ಬರನ್ನು, ನಾನೊಂದು ಸಲಕ್ಕೆ ಒಬ್ಬರನ್ನು.
ಸಿಂಚನಾ ನನ್ನ ಕಿವಿಯ ಹತ್ತಿರ ಕೇಳಿದಳು,
‘ಗೆದ್ದದ್ದು ಯಾರು ಮೇಡಂ?’

ಫಾರಂನಲ್ಲಿ ಆ ಕಾಲಂ ಇಲ್ಲ ಅನ್ನಲಿಲ್ಲ.
ನಡು ಹಳ್ಳದಲ್ಲಿದ್ದೆ,
ಕಾಲಡಿಯ ಕಲ್ಲು ಜಾರುತ್ತಿತ್ತು.